ಶಿವಗಂಗಮ್ಮನ ಕೈಯೆಣ್ಣೆ

ಶಿವಗಂಗಮ್ಮ ಯಾರು ಎಂದು ರಾಜಾಜಿನಗರದಲ್ಲಿ ಗಂಡಸರನ್ನು ಕೇಳಿ ಪ್ರಯೋಜನವಿಲ್ಲ. ಹೆಂಗಸರನ್ನು ಕೇಳಬೇಕು, ಅದರಲ್ಲೂ ಹೆತ್ತವರನ್ನು. "ಓ, ನೀರು ಹಾಕೋ ಶಿವಗಂಗಮ್ಮನಾ?" ಎಂದು ಮುಖ ಅರಳಿಸುತ್ತಾರೆ. ಆಮೇಲೆ ತಮಗೆ ಗೊತ್ತಿಲ್ಲದೆಯೇ ಸೊಂಟ ಸವರಿಕೊಳ್ಳುತ್ತಾರೆ. ಬಾಣಂತಿಯರ ಸೊಂಟಕ್ಕೆ ಆಕೆ ಚೊಂಬಿನಲ್ಲಿ ಬೀಸಿ ಹೊಡೆಯುತ್ತಿದ್ದ ಸುಡುನೀರು ಜನ್ಮಕ್ಕೆ ಮರೆಯುವಂಥದ್ದಲ್ಲ.

ಅವಳ ಮನೆ ಬಿನ್ನಿಪೇಟೆಯಲ್ಲಿ. ಗಂಡ ಬೈರಯ್ಯ ಮಿಲ್ಲಿನ ಮಗ್ಗದ ಸದ್ದಿಗೆ ಕಿವಿ ಕೊಟ್ಟವನು, ಕೊನೆಗೆ ಕಿವಿಯನ್ನೇ ಕೊಟ್ಟುಬಿಟ್ಟ. ಮಿಲ್ಲು ಮುಚ್ಚಿದ ಮೇಲೆ ಅವನು ಜಗಲಿ ಹಿಡಿದ, ಇವಳು ಬಸ್ಸು ಹಿಡಿದಳು. ಬೆಳಗ್ಗೆ ಒಂದು ಮನೆ ರಾಜಾಜಿನಗರದಲ್ಲಿ, ಇನ್ನೊಂದು ವಿಜಯನಗರದಲ್ಲಿ, ಬಿಸಿಲೇರುವ ಹೊತ್ತಿಗೆ ಮತ್ತೊಂದು ಬಸವೇಶ್ವರನಗರದಲ್ಲಿ. ಹುಟ್ಟಿದ ಕೂಸಿಗೂ ಹೆತ್ತ ತಾಯಿಗೂ ಎಣ್ಣೆ ತಿಕ್ಕಿ ಎರೆಯುವುದು ಕೆಲಸ. ಈ ಕೆಲಸಕ್ಕೆ ನಮ್ಮಲ್ಲಿ ಸರಿಯಾದ ಹೆಸರೂ ಇಲ್ಲ. ಕೂಸು ಕುತ್ತಿಗೆ ನಿಲ್ಲಿಸಿ ಕೂತುಕೊಳ್ಳುವಷ್ಟಾದರೆ ಸೀರೆ, ಎಲೆಯಡಿಕೆ ಕೊಟ್ಟು ಕಳಿಸುತ್ತಾರೆ. ಕೂಸಿಗಂತೂ ಆಕೆಯ ನೆನಪೇ ಇರುವುದಿಲ್ಲ.

ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲೆ ಸರಿಸಿ ಕಾಲು ಚಾಚಿದಳೆಂದರೆ ಅವಳೇ ಮಹಾರಾಣಿ. ಎರಡು ಕಾಲಿನ ನಡುವಿನ ಇಳುಕಲಿನಲ್ಲಿ ಕೂಸನ್ನು ಮಲಗಿಸಿಕೊಂಡು, ಮೂಗು ನೀವಿ, ಹಣೆ ತಿದ್ದಿ, ಕಾಲು ಕತ್ತರಿ ಮಾಡಿ ಎಳೆದು, "ಅಳು ಅಳು, ನಿಮ್ಮಪ್ಪ ಆಫೀಸಿಗೆ ಹೋದ, ಯಾರೂ ಕೇಳೋರಿಲ್ಲ, ಅಳು ನನ್ ಅರಸ" ಎಂದು ರೇಗಿಸುತ್ತಿದ್ದಳು. ಅಳುವ ಕೂಸು ಎಣ್ಣೆಯ ಬಿಸಿಗೆ ಹಾಗೆಯೇ ಕಣ್ಣು ಮುಚ್ಚುತ್ತಿತ್ತು. ಸಾಂಬ್ರಾಣಿ ಹೊಗೆ ಕೊಟ್ಟು ಹಳೆಯ ಪಂಚೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸಿದರೆ ಮಧ್ಯಾಹ್ನದವರೆಗೂ ಮನೆ ತಣ್ಣಗೆ.

ಡಾಕ್ಟರುಗಳ ಬಗ್ಗೆ ಅವಳಿಗೆ ಗೌರವವೇನೋ ಇತ್ತು, ಆದರೆ ಹೆದರಿಕೆ ಇರಲಿಲ್ಲ. "ಅವ್ರು ಮಕ್ಕಳನ್ನ ಓದಿದಾರೆ, ನಾನು ಹಿಡ್ದಿದೀನಿ" ಎನ್ನುತ್ತಿದ್ದಳು.

ಅವಳ ತವರು ಚಳ್ಳಕೆರೆ ಕಡೆಯ ಹಳ್ಳಿ. ಅಲ್ಲಿ ಕಡಲೆಕಾಯಿ ಇಲ್ಲದ ಹೊಲವಿಲ್ಲ, ಹೊಗೆಯಾಡದ ಒಲೆಯಾದರೂ ಉಂಟು, ಗಾಣದೆಣ್ಣೆ ಇಲ್ಲದ ಮನೆಯಿಲ್ಲ. ಮೈ ಒಡೆದ ಕೂಸಿಗೆ ಗಾಣದ ಕಡಲೆಕಾಯಿ ಎಣ್ಣೆಗೆ ಚಿಟಿಕೆ ಅರಿಶಿನ ಹಾಕಿ, ಬೆಚ್ಚಗೆ ಮಾಡಿ ಹಚ್ಚಬೇಕು ಎನ್ನುವುದು ಅವಳವ್ವ ಹೇಳಿಕೊಟ್ಟ ಪಾಠ. ಸಾಮಾನ್ಯ ಮಕ್ಕಳಿಗೆ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಮನೆಯವರು ಕೊಟ್ಟದ್ದೇ ಸಾಕು. ಆದರೆ ತವರಿಂದ ತಂದ ಈ ಎಣ್ಣೆಯ ಸೀಸೆ ಯಾವಾಗಲೂ ಅವಳ ಚೀಲದ ತಳದಲ್ಲಿ ಇರುತ್ತಿತ್ತು.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಬಸವೇಶ್ವರನಗರದ ಜಗದಾಂಬಾ ಅವರ ಮನೆಯಿಂದ ಕರೆ ಬಂತು. ದಾವಣಗೆರೆ ಕಡೆಯವರು. ಮಗ ಗಿರಿರಾಜ್ ಬ್ಯಾಂಕಿನಲ್ಲಿ, ಸೊಸೆ ನಿಖಿತಾಳಿಗೆ ಚೊಚ್ಚಲು ಹೆಣ್ಣುಮಗು. ಇಂಚರ ಎಂದು ಹೆಸರಿಟ್ಟಿದ್ದರು. ಮಗುವಿನ ಕೆನ್ನೆ ಕೆಂಡದ ಹಾಗೆ ಕೆಂಪು. ಮೊಣಕೈ, ಮಂಡಿಯ ಮಡಿಕೆಗಳಲ್ಲಿ ಚರ್ಮ ಬಿರಿದು ನೀರು ಜಿನುಗುತ್ತಿತ್ತು. ಇಸುಬು. ಮೈ ಕೆರೆಯಲು ಬಾರದ ಕೂಸು ತಲೆಯನ್ನು ಹಾಸಿಗೆಗೆ ಉಜ್ಜಿ ಉಜ್ಜಿ ಅಳುತ್ತಿತ್ತು. ಡಾಕ್ಟರು ಕೊಟ್ಟ ಮುಲಾಮಿನ ಟ್ಯೂಬನ್ನು ಜಗದಾಂಬಾ ಬೀರುವಿನ ಮೇಲೆ ಎತ್ತಿಟ್ಟಿದ್ದರು.

"ಎಳೇ ಮೈಗೆ ಆ ಔಷಧಿ ಎಲ್ಲಾ ಯಾಕೆ? ನಿಮ್ಮ ಹತ್ರ ಏನೋ ಎಣ್ಣೆ ಇದೆಯಂತಲ್ಲ ಶಿವಗಂಗಮ್ಮ?" ಎಂದರು.

ಇದೆಯಾ ಎಂದು ಕೇಳಬೇಕೆ? ಅವತ್ತೇ ಸೀಸೆ ಚೀಲದಿಂದ ಮೇಲೆ ಬಂತು. ಬಿರಿದ ಜಾಗಗಳಿಗೆ ಬೆರಳ ತುದಿಯಿಂದ ಅದ್ದಿ ಅದ್ದಿ ಹಚ್ಚಿದಳು. ಹುಟ್ಟಿದಾಗಿನಿಂದ ನೆಟ್ಟಗೆ ಮಲಗದ ಮಗು ಅಂದು ಮಲಗಿತು. ನಿಖಿತಾ ಕಣ್ಣೀರು ಹಾಕಿಕೊಂಡು ಅವಳ ಕೈ ಹಿಡಿದುಕೊಂಡಳು. ಕೆಲವು ತಿಂಗಳಲ್ಲಿ ಮೈ ತಿಳಿಯಾಯಿತು. ಮಕ್ಕಳ ಚರ್ಮ ಎಷ್ಟೋ ಸಲ ತಾನಾಗಿಯೇ ತಿಳಿಯಾಗುತ್ತದೆ ಎನ್ನುವುದು ಬೇರೆ ಮಾತು, ಹೆಸರು ಬಂದದ್ದು ಎಣ್ಣೆಗೆ. ಜಗದಾಂಬಾ ಇಳಕಲ್ ಸೀರೆಯನ್ನೇ ಕೊಟ್ಟರು. ಆ ಮನೆಯ ಬಾಣಂತನ ಮುಗಿದರೂ ಶಿವಗಂಗಮ್ಮನ ಕಾಲು ಅತ್ತ ಎಳೆಯುತ್ತಿತ್ತು. ಶುಕ್ರವಾರ ಬಸ್ಸಿಗೆ ಹೋಗುವ ಮುಂಚೆ ಒಂದು ಗಳಿಗೆ ಒಳಗೆ ಬಂದು, ಇಂಚರಳನ್ನು ಕಾಲ ಮೇಲೆ ಕೂರಿಸಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದಳು. ಯಾವ ಕೂಸಿಗೂ ಇಲ್ಲದ ನೆನಪು ಈ ಕೂಸಿಗೆ ಇತ್ತು. ಅವಳನ್ನು ಕಂಡರೆ ಎರಡೂ ಕೈ ಎತ್ತುತ್ತಿತ್ತು. ಮಾತು ಬಂದ ಮೇಲೆ "ಗಂಗಜ್ಜಿ" ಎಂದಿತು. ಶಿವಗಂಗಮ್ಮ ಆ ಮನೆಗೆ ಸೋತದ್ದು ಅಲ್ಲಿಯೇ.

ಇಂಚರಳಿಗೆ ವರ್ಷ ದಾಟಿ ನಡೆಯಲು ಬಂದಿತ್ತು. ನಾಗರಪಂಚಮಿ. ದಾವಣಗೆರೆಯವರ ಮನೆಯಲ್ಲಿ ಪಂಚಮಿಗೆ ಉಂಡೆ ಕಟ್ಟದಿದ್ದರೆ ಹಬ್ಬವೇ ಅಲ್ಲ. ಶೇಂಗಾ ಉಂಡೆಯ ಚೂರೊಂದನ್ನು ಹಾಲಿನಲ್ಲಿ ನೆನೆಸಿ ಜಗದಾಂಬಾ ಮೊಮ್ಮಗಳ ಬಾಯಿಗಿಟ್ಟರು. ನೋಡುನೋಡುತ್ತಿದ್ದ ಹಾಗೆ ತುಟಿ ಊದಿತು, ಮೈಯೆಲ್ಲ ದದ್ದು ಎದ್ದಿತು, ಉಸಿರು ಸುಯ್ಯಿಗುಟ್ಟಿತು. ದೃಷ್ಟಿಯಾಯಿತೆಂದು ಜಗದಾಂಬಾ ಉಪ್ಪು ಮೆಣಸಿನಕಾಯಿ ಹುಡುಕುತ್ತಿದ್ದಾಗ ಗಿರಿರಾಜ್ ಚಪ್ಪಲಿಯನ್ನೂ ಹಾಕಿಕೊಳ್ಳದೆ ಮಗುವನ್ನು ಎತ್ತಿಕೊಂಡು ಆಟೋ ಹಿಂದೆ ಓಡಿದ್ದ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಳಿಸಿದರು. ಆಮೇಲೆ ಪರೀಕ್ಷೆ ಮಾಡಿ, ಈ ಮಗುವಿಗೆ ಕಡಲೆಕಾಯಿ ಆಗುವುದಿಲ್ಲ, ಒಂದು ಬೀಜ ಸಹ ಕೂಡದು ಎಂದರು.

ಮುಂದಿನ ಶುಕ್ರವಾರ ಇದನ್ನು ಕೇಳಿ ಶಿವಗಂಗಮ್ಮ ನಕ್ಕುಬಿಟ್ಟಳು. "ಕಡ್ಲೆಕಾಯಿಗೆ ಯಾರಾದ್ರೂ ಹೆದರ್ತಾರೇನೇ? ನಮ್ಮೂರಲ್ಲಿ ಹುಟ್ಟಿದ್ರೆ ಏನ್ ಮಾಡ್ತಿದ್ಲು ಇವ್ಳು!" ಯಾರೂ ನಗಲಿಲ್ಲ. ಗಿರಿರಾಜ್ ಎದ್ದು ಒಳಗೆ ಹೋದ. ಅವಳು ಕಾಫಿ ಲೋಟ ಕೆಳಗಿಟ್ಟಳು.

ಆ ಮನೆಯಲ್ಲಿ ಹೊಸ ಪದ್ಧತಿಗಳು ಬಂದವು. ಪಂಚಮಿಗೆ ರವೆ ಉಂಡೆ. ಅವಲಕ್ಕಿ, ಚಿತ್ರಾನ್ನ ಎಲ್ಲ ಬೋಳು ಬೋಳು. ಹೊರಗಿನಿಂದ ಯಾರೇ ಬರಲಿ, ಮೊದಲು ಸೋಪು ಹಾಕಿ ಕೈ ತೊಳೆಯಬೇಕು. ಇಂಚರ ಸ್ವಲ್ಪ ದೊಡ್ಡವಳಾದ ಮೇಲೆ ಈ ಇಲಾಖೆಯನ್ನು ತಾನೇ ವಹಿಸಿಕೊಂಡಳು. ಬಂದವರ ಎರಡೂ ಅಂಗೈ ಹಿಡಿದು ಮೂಸಿ ನೋಡಿ "ಪಾಸ್" ಅಥವಾ "ಫೇಲ್" ಎನ್ನುವಳು. ಮಠದ ಸ್ವಾಮಿಗಳು ಬಂದರೂ ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಚಿತ್ರಾನ್ನ ತಿಂದು ಬಂದಿದ್ದ ಶಿವಗಂಗಮ್ಮ ಒಂದು ದಿನ ಫೇಲಾದಳು. "ಹೋಗು ಗಂಗಜ್ಜಿ, ಇನ್ನೊಂದ್ಸಲ" ಎಂದು ಅವಳನ್ನು ಬಚ್ಚಲಿಗೆ ಅಟ್ಟಿದ್ದನ್ನು ನೆನೆನೆನೆದು ಮನೆಮಂದಿ ನಗುತ್ತಿದ್ದರು. ಅಂದಿನಿಂದ ಆಕೆ ಚೀಲದಲ್ಲಿ ಎಣ್ಣೆ ಸೀಸೆಯ ಬದಲು ಸೋಪಿನ ಬಿಲ್ಲೆ ಇಟ್ಟುಕೊಂಡು ಈ ಮನೆಗೆ ಬರುತ್ತಿದ್ದಳು.

ಇಂಥ ಮಕ್ಕಳು ಅಲ್ಲಲ್ಲಿ ಕೇಳಿಬರತೊಡಗಿದ್ದರು. ವಿಜಯನಗರದಲ್ಲಿ ಒಬ್ಬ ಹುಡುಗನಿಗೆ ಗೋಡಂಬಿ ಆಗದು. ಯಾವುದೋ ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಚಿಕ್ಕಿ ಹಂಚಬೇಡಿ ಎಂದರಂತೆ. ಇದೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಶಿವಗಂಗಮ್ಮನ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. "ಮಣ್ಣು ಮುಟ್ಟಿಸಲ್ಲ, ಬಿಸಿಲು ತೋರ್ಸಲ್ಲ, ಡಬ್ಬಿ ಹಾಲು ಕುಡಿಸ್ತೀರ. ಮಕ್ಕಳು ಇನ್ನೇನಾಗ್ತವೆ?" ಲೋಕದವರ ತಪ್ಪಿಗೆಲ್ಲ ಅವಳ ಬಾಯಲ್ಲಿ ಒಂದೊಂದು ಮಾತಿತ್ತು. ತನ್ನ ಕಡೆಗೆ ಆ ಬೆರಳು ತಿರುಗಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ.

ಇಂಚರಳಿಗೆ ಐದು ತುಂಬಿದ ವರ್ಷ ನಿಖಿತಾ ಗಂಡು ಹೆತ್ತಳು. ಶಿವಗಂಗಮ್ಮನಿಗೆ ಹೇಳಿ ಕಳಿಸಿದರು. ಹೊಸ ಸೀರೆ ಉಟ್ಟು, ಸೋಪು ಹಿಡಿದು, ಇಂಚರಳ ಹತ್ತಿರ ಪಾಸಾಗಿ, ಕೂಸನ್ನು ಕೈಗೆ ತೆಗೆದುಕೊಂಡಳು. ಅದರ ಕೆನ್ನೆಯೂ ಒರಟು.

"ಅಕ್ಕನ ಚರ್ಮವೇ ಬಂದಿದೆ. ಏನ್ಮಾಡೋದು, ನಮ್ಮೂರೆಣ್ಣೆ ಹಚ್ಚಿದ್ರೆ ವಾರದಲ್ಲಿ ಬೆಣ್ಣೆ ಆಗ್ತಿತ್ತು. ಅವ್ಳಿಗೆ ಎಷ್ಟು ಚೆನ್ನಾಗಿ ಒಗ್ಗಿತ್ತು" ಎಂದಳು.

"ಆ ಎಣ್ಣೆ ಮಾತು ಬೇಡ ಬಿಡಿ ಶಿವಗಂಗಮ್ಮ" ಎಂದರು ಜಗದಾಂಬಾ ತಟ್ಟನೆ. "ಆಗಿದ್ದೆಲ್ಲ ಅದ್ರಿಂದಲೇ ಅಂತಾರೆ ಡಾಕ್ಟ್ರು."

"ಅತ್ತೆ!" ಎಂದಳು ನಿಖಿತಾ. ಆದರೆ ಆಡಿದ ಮಾತು, ಒಡೆದ ಮುತ್ತು.

ಹೇಳದೆ ವಿಧಿಯಿರಲಿಲ್ಲ, ನಿಖಿತಾ ಮೆಲ್ಲಗೆ ಹೇಳಿದಳು. ಎರಡನೇ ಮಗುವಿನ ವಿಷಯಕ್ಕೆ ಹೋದಾಗ ಡಾಕ್ಟರು ಮೊದಲನೆಯದಕ್ಕೆ ಏನು ಹಚ್ಚುತ್ತಿದ್ದಿರಿ ಎಂದು ಕೇಳಿದರಂತೆ. ಬಿರಿದ ಚರ್ಮಕ್ಕೆ ಕಡಲೆಕಾಯಿ ಎಣ್ಣೆ ಹಚ್ಚಿದರೆ ಕೆಲವು ಮಕ್ಕಳಿಗೆ ಹೀಗಾಗಬಹುದು ಎಂದು ಹೊರದೇಶಗಳಲ್ಲಿ ಕಂಡುಕೊಂಡಿದ್ದಾರಂತೆ. "ಬಾಗಿಲಿಂದ ಬಂದ್ರೆ ನೆಂಟ, ಕಿಟಕಿಯಿಂದ ಬಂದ್ರೆ ಕಳ್ಳ ಅಂದ್ಕೊಳುತ್ತಂತೆ ಮೈ. ಬಾಯಿಗೆ ಹೋಗೋ ಮುಂಚೆ ಗಾಯದಿಂದ ಒಳಗೆ ಹೋದ್ರೆ, ಆಮೇಲೆ ತಿಂದಾಗ ಕಳ್ಳ ಬಂದ ಅಂತ ಜಗಳಕ್ಕೆ ಬೀಳುತ್ತಂತೆ. ಆದ್ರೆ ಇವಳಿಗೆ ಅದ್ರಿಂದಲೇ ಆಯ್ತು ಅಂತ ಹೇಳೋಕಾಗಲ್ಲ ಅಂದ್ರು ಶಿವಗಂಗಮ್ಮ. ಹಚ್ಚದೆ ಇದ್ರೂ ಆಗ್ತಿತ್ತೇನೋ. ಯಾರಿಗೂ ಗೊತ್ತಿಲ್ಲ."

ಶಿವಗಂಗಮ್ಮ ಕೂಸನ್ನು ಎದೆಗೊತ್ತಿಕೊಂಡು ಎದ್ದಳು. ಬಚ್ಚಲಿಗೆ ಹೋಗಿ ಕಾಲು ಚಾಚಿದಳು. ಮನೆಯವರು ಕೊಟ್ಟ ಕೊಬ್ಬರಿ ಎಣ್ಣೆ ಅಂಗೈಗೆ ಹಾಕಿಕೊಂಡಳು. ಬೆರಳುಗಳು ಕೂಸಿನ ಮೈಮೇಲೆ ಇಳಿಯಲೊಲ್ಲವು. ಕೂಸು ಅತ್ತಿತು, ಎರೆದು ಮುಗಿಸುವವರೆಗೂ ಅತ್ತಿತು. ರೇಗಿಸಲು ಅವಳಿಗೆ ಬಾಯಿ ಬರಲಿಲ್ಲ. ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ಬರುವುದೆಲ್ಲಿಂದ? ಅವಳು ರಾಜಾಜಿನಗರದ ಬೀದಿಗಳಲ್ಲಿ ಅಲೆಯುತ್ತಿದ್ದಳು. ಆ ಎಣ್ಣೆ ಹಚ್ಚಿದ ಮಕ್ಕಳ ಮನೆಗಳನ್ನು ನೆನಪು ಮಾಡಿಕೊಂಡು ಹೋಗಿ ಬಾಗಿಲು ತಟ್ಟುವುದು. ಕೂತುಕೋ ಎಂದರೂ ಕೂರದೆ, "ನಿನ್ ಮಗ ಕಡ್ಲೆಕಾಯಿ ತಿಂತಾನಾ?" ಎಂದು ಕೇಳುವುದು. ಬಟ್ಟೆ ಒಣಗಿಸುತ್ತಿದ್ದ ಒಬ್ಬಳು "ಯಾಕೆ, ತಂದಿದೀರಾ?" ಎಂದು ಕೈಯೊಡ್ಡಿದಳು. ಇನ್ನೊಂದು ಮನೆಯಲ್ಲಿ ಮೀಸೆ ಮೂಡಿದ ಕಾಲೇಜು ಹುಡುಗ ಬಾಗಿಲು ತೆಗೆದು, "ನನ್ ಮೂಗು ತಿದ್ದಿದ್ದು ನೀವೇ ಅಂತೆ. ಹೆಂಗೆ ಮಾಡಿದೀರ ನೋಡಿ ಅಜ್ಜಿ!" ಎಂದು ತನ್ನ ಮೆಣಸಿನಕಾಯಿ ಬೋಂಡದಂಥ ಮೂಗು ತೋರಿಸಿದ. ಅವನ ಜೇಬಿನಲ್ಲೇ ಹುರಿದ ಕಡಲೆಕಾಯಿ ಇತ್ತು. ಅವಳಿಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಹೆಚ್ಚಿನ ಮಕ್ಕಳು ತಿನ್ನುತ್ತಿದ್ದರು. ಸುಬ್ರಹ್ಮಣ್ಯನಗರದ ಒಂದು ಹುಡುಗಿ ಮಾತ್ರ ತಿಂದರೆ ಬಾಯಿ ಕೆರೆಯುತ್ತದೆ ಎಂದಳು, ಅವಳ ತಾಯಿ ಅದು ನಖರಾ ಎಂದಳು. ಗೋಡಂಬಿ ಆಗದ ವಿಜಯನಗರದ ಹುಡುಗನ ಮನೆಗೂ ಹೋದಳು. "ಇವನಿಗೆ ನೀವು ಹಚ್ಚಿದ್ದು ಕೊಬ್ಬರಿ ಎಣ್ಣೆ ಅಲ್ವಾ, ನಾನೇ ಕಾಯಿಸಿ ಕೊಡ್ತಿದ್ದೆ" ಎಂದರು ಅಲ್ಲಿ. ಹಾಗಾದರೆ? ಹಚ್ಚಿಸಿಕೊಂಡವರು ತಿನ್ನುತ್ತಾರೆ, ಹಚ್ಚಿಸಿಕೊಳ್ಳದವನು ತಿನ್ನಲಾರ. ಅಂಥದ್ದರಲ್ಲಿ ಒಂದು ಕೂಸು, ತನ್ನನ್ನು ಕಂಡು ಕೈ ಎತ್ತುತ್ತಿದ್ದ ಕೂಸು, ಉಸಿರು ಸಿಕ್ಕದೆ ಒದ್ದಾಡಿತ್ತು. ತಪ್ಪು ತನ್ನದು ಎಂದಾದರೆ ಹೊತ್ತುಕೊಳ್ಳಬಹುದಿತ್ತು, ಅಲ್ಲ ಎಂದಾದರೆ ಇಳಿಸಿಬಿಡಬಹುದಿತ್ತು. ಇದು ಎರಡೂ ಅಲ್ಲದೆ ಎದೆಯಲ್ಲಿ ಅಡ್ಡಲಾಗಿ ನಿಂತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ ಎಂದು ತನ್ನ ಕೈಗಳನ್ನೇ ನೋಡಿಕೊಳ್ಳುವಳು.

ಸಂಕಟ ಹೇಳಿಕೊಳ್ಳೋಣವೆಂದರೆ ಗಂಡ ಕಿವುಡ. "ನಾನೇನಾ ಮಾಡಿದ್ದು?" ಎಂದು ಪಿಸುಗುಟ್ಟಿದರೆ "ಏನು ಮಾಡಿದೀಯ, ಸಾರಾ?" ಎಂದ. ಕೂಗಿ ಹೇಳಬೇಕಾಯಿತು. ಓಣಿಗೆಲ್ಲ ಕೇಳಿತು. ಬೈರಯ್ಯ "ನೂಲು ಕಿತ್ತು ಹೋದ್ರೆ ಯಾರ ಕೈಯಿಂದ ಅಂತ ಕೂತ್ಕೊಂಡು ಹುಡುಕಲ್ಲ ಕಣೇ. ಗಂಟು ಹಾಕಿ ಮಗ್ಗ ನಡೆಸ್ತೀವಿ" ಎಂದ.

"ಮಗು ಏನು ಬಟ್ಟೆನಾ?" ಎಂದು ಅವನ ಮೇಲೆ ಹರಿಹಾಯ್ದು ಒಳಗೆ ಹೋದಳು. ತವರಿನ ಎಣ್ಣೆಯನ್ನು ಮೋರಿಗೆ ಸುರಿದಳು. ಕರೆಯಲು ಬಂದ ಬೇರೆ ಮನೆಯವರಿಗೆ ಕೈನೋವು ಎಂದು ಹೇಳಿ ಕಳಿಸಿದಳು. ಇನ್ನು ಕೂಸು ಮುಟ್ಟುವುದಿಲ್ಲ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ಶನಿವಾರ ಮಧ್ಯಾಹ್ನ ಓಣಿಯ ಬಾಯಲ್ಲಿ ಸ್ಕೂಟರ್ ನಿಂತಿತು. ಗಿರಿರಾಜ್. ಮುಂದೆ ನಿಂತುಕೊಂಡು ಬಂದಿದ್ದಳು ಇಂಚರ, ಶಾಲೆಯ ಯೂನಿಫಾರಂನಲ್ಲೇ. ಜಗಲಿಯಲ್ಲಿದ್ದ ಶಿವಗಂಗಮ್ಮ ಗಾಬರಿಯಾಗಿ ಎದ್ದಳು. ಬೈರಯ್ಯ ಆಗತಾನೇ ಕಡಲೆಕಾಯಿ ಸುಲಿದು ತಿಂದ ಸಿಪ್ಪೆ ಅಲ್ಲೇ ಬಿದ್ದಿತ್ತು.

"ಅಲ್ಲೇ ನಿಂತ್ಕೋ! ಹತ್ರ ಬರ್ಬೇಡ ಕಣೇ!" ಎಂದು ಕೂಗಿ, ಎರಡೂ ಕೈಗಳನ್ನು ಸೆರಗಿನ ಹಿಂದೆ ಮುಚ್ಚಿಕೊಂಡು ತಾನೇ ಬೀದಿಗೆ ಇಳಿದುಬಂದಳು.

ಗಿರಿರಾಜ್ ಮಿತಭಾಷಿ. ಅವಳು ಎಲ್ಲರಿಗಿಂತ ಹೆಚ್ಚು ಹೆದರಿದ್ದು ಇವನಿಗೇ, ಬರಿಗಾಲಲ್ಲಿ ಓಡಿದವನು ಇವನಲ್ಲವೇ. ಅವನು ಸ್ಕೂಟರಿನ ಕೀಲಿ ತಿರುಗಿಸುತ್ತ ನಿಂತ.

"ನೀವು ಬರ್ತಿಲ್ಲ ಅಂತ ನಿಖಿತಾ ಅಳ್ತಾಳೆ. ಪಾಪುಗೆ ನೀರು ಹಾಕೋಕೆ ನಮ್ಮಮ್ಮನಿಗೆ ಕೈ ನಡುಗುತ್ತೆ."

"ನನ್ ಮೇಲೆ ಕೋಪ ಇಲ್ವಾ ಸ್ವಾಮಿ?"

"ಇತ್ತು" ಎಂದ ಅವನು. "ಡಾಕ್ಟ್ರು ಹೇಳಿದ ದಿನ ಎಲ್ಲರ ಮೇಲೂ ಇತ್ತು. ನಿಮ್ಮ ಮೇಲೆ, ನಮ್ಮಮ್ಮನ ಮೇಲೆ, ಆ ಉಂಡೆ ಮೇಲೆ. ಆಮೇಲೆ ಜ್ಞಾಪಕ ಬಂತು. ರಾತ್ರಿ ಚೆನ್ನಾಗಿ ಮಲಗ್ತಾಳೆ, ಇನ್ನೊಂದು ಸೀಸೆ ತನ್ನಿ ಅಂತ ನಿಮ್ಮನ್ನ ಕೇಳಿದ್ದೇ ನಾನು."

ಅದು ಅವಳಿಗೂ ನೆನಪಿತ್ತು. ಆದರೂ ಹೆಜ್ಜೆ ಕೀಳಲಾಗಲಿಲ್ಲ. ದೊಡ್ಡವರ ಕ್ಷಮೆ ಸಿಕ್ಕಿತು, ಆದರೆ ನೋವು ಉಂಡದ್ದು ದೊಡ್ಡವರಲ್ಲವಲ್ಲ. ಅವಳು ಇಂಚರಳ ಎದುರು ಮಂಡಿ ಬಗ್ಗಿಸಿ ಕೂತಳು, ಕೈ ಇನ್ನೂ ಬೆನ್ನ ಹಿಂದೆ.

"ಗಂಗಜ್ಜಿ, ಯಾಕೆ ಬರ್ಲಿಲ್ಲ ನೀನು?"

"ನೀನು ಪಾಪು ಆಗಿದ್ದಾಗ ನಿಂಗೆ ನೀರು ಹಾಕಿದ್ದು ನಾನೇ ಕಣವ್ವ. ನಿನ್ನ ಗಾಯಕ್ಕೆ ಕಡ್ಲೆಕಾಯಿ ಎಣ್ಣೆ ಹಚ್ಚಿದ್ದೂ ನಾನೇ. ಅದ್ರಿಂದಲೇ ನಿಂಗೆ ಹೀಗಾಯ್ತೇನೋ. ಗೊತ್ತಿಲ್ಲ."

ಇಂಚರ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಕಡ್ಲೆಕಾಯಿ ಆಗಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಇಲ್ಲ ಕಣವ್ವ."

"ನಂಗೂ ಒಂದ್ಸಲ ಗೊತ್ತಿರ್ಲಿಲ್ಲ. ಸ್ಕೂಲಲ್ಲಿ ಚಾಕ್ಲೇಟ್ ತಿಂದ್ಬಿಟ್ಟೆ, ಒಳಗಡೆ ಇತ್ತು. ಆಸ್ಪತ್ರೆಗೆ ಹೋದ್ವಿ. ಅಮ್ಮ ಬೈಲೇ ಇಲ್ಲ" ಎಂದಳು. ಆಮೇಲೆ ದೊಡ್ಡವರಂತೆ ಕೈ ಮುಂದೆ ಚಾಚಿ, "ಈಗ ಗೊತ್ತಾಯ್ತಲ್ಲ. ಕೈ ತೋರ್ಸು" ಎಂದಳು.

"ಬೇಡ, ತೊಳೆದಿಲ್ಲ."

"ಹಾಗಾದ್ರೆ ತೊಳ್ಕೊಂಡು ಬಾ."

ಬೀದಿ ನಲ್ಲಿಯಲ್ಲಿ ಆ ಹೊತ್ತು ನೀರು ಬರುತ್ತಿದ್ದುದು ಪುಣ್ಯ. ಒಳಗಿನಿಂದ ಸೋಪು ತಂದು, ಬಿಂದಿಗೆ ಹಿಡಿದವರನ್ನೆಲ್ಲ ಸರಿಸಿ, ಶಿವಗಂಗಮ್ಮ ಮೊಣಕೈವರೆಗೂ ತಿಕ್ಕಿ ತೊಳೆದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ತೊಳೆಯುತ್ತ ತೊಳೆಯುತ್ತ ಅಳುತ್ತಿದ್ದಳು. ಸೆರಗು ಮುಟ್ಟದೆ, ಒದ್ದೆ ಕೈಗಳನ್ನು ಹಾಗೆಯೇ ಹಿಡಿದುಕೊಂಡು ಬಂದು ಮಗುವಿನ ಮುಂದೆ ಚಾಚಿದಳು.

ಇಂಚರ ಬಲಗೈ ಮೂಸಿದಳು. ಎಡಗೈ ಮೂಸಿದಳು. ಅನುಮಾನ ಪರಿಹಾರವಾಗಲೆಂದು ಬಲಗೈಯನ್ನು ಇನ್ನೊಮ್ಮೆ ಮೂಸಿದಳು.

"ಪಾಸ್" ಎಂದಳು. ಆದರೆ ಹಿಡಿದ ಕೈ ಬಿಡದೆ, ಸ್ಕೂಟರಿನ ಕಡೆಗೆ ಎಳೆದುಕೊಂಡು ಹೊರಟಳು.